ದುರ್ಬಲ ತಂಡದಲ್ಲಿ ಆಡಿದರೇ ಹುಡುಗ ಗಟ್ಟಿಯಾಗ್ತಾನಾ? ಕಬಡ್ಡಿ ಅಂಕಣ ಹೇಳುವ ಅರ್ಧ ಸತ್ಯ

ವಿಜಯಪುರ, ತಿಕೋಟಾ, ಬಬಲೇಶ್ವರ ಕಡೆ ಜಾತ್ರೆಗಳು ಶುರುವಾದರೆ ಮೊಬೈಲ್‌ಗೆ ಕಬಡ್ಡಿ ವಿಡಿಯೊಗಳೂ ಬರತೊಡಗುತ್ತವೆ. ಲೈಟಿನ ಬೆಳಕು, ಕೆಂಪು ಮಣ್ಣು ಅಥವಾ ಮ್ಯಾಟು, ಸುತ್ತ ಜನ. ಎಳೆ ವಯಸ್ಸಿನ ಹುಡುಗನೊಬ್ಬ ಒಂದಾದ ಮೇಲೊಂದು ರೈಡ್‌ಗೆ ಹೋಗುತ್ತಾನೆ. ತಂಡದಲ್ಲಿ ಬೇರೆ ಯಾರಿಂದಲೂ ಪಾಯಿಂಟ್ ಬರುತ್ತಿಲ್ಲ. ಹೊರಗಿನಿಂದ ಕೂಗು ಕೇಳುತ್ತದೆ: ‘ಹೋಗಲೇ ತಮ್ಮಾ, ನೀನೇ ಹೋಗು!’

ಇಂಥ ವಿಡಿಯೊಗಳ ಕೆಳಗೆ ಎರಡು ಬಗೆಯ ಮಾತುಗಳು ಹರಿದಾಡುತ್ತವೆ. ಮೊದಲನೆಯದು: ‘ಒಳ್ಳೆ ತಂಡದಾಗ ಯಾರು ಬೇಕಾದ್ರೂ ಮಿಂಚತಾರ. ಸೋಲೋ ತಂಡ ಹೊತ್ತು ಆಡಿದವನೇ ನಿಜವಾದ ಆಟಗಾರ ಆಗತಾನ.’ ಎರಡನೆಯದು ಅದೇ ಹುಡುಗ ಸಿಕ್ಕಿಬಿದ್ದ ನಾಲ್ಕು ತುಣುಕುಗಳನ್ನು ಜೋಡಿಸಿ ಬರುತ್ತದೆ: ‘ಇವಂದು ಬರೀ ಬಿಲ್ಡಪ್, ಮುಗೀತು ಕಥಿ.’

ಒಂದು ಹೊಗಳಿಕೆ, ಇನ್ನೊಂದು ತೆಗಳಿಕೆ. ಆದರೆ ಎರಡರ ತಪ್ಪೂ ಒಂದೇ. ಎರಡೂ ಒಬ್ಬನನ್ನೇ ನೋಡುತ್ತವೆ, ಉಳಿದ ಆರು ಜನರನ್ನು ನೋಡುವುದಿಲ್ಲ. ಜೊತೆಗಾರರು ದುರ್ಬಲರಾಗಿದ್ದರೆ ಎಳೆಯ ಆಟಗಾರನ ಬೆಳವಣಿಗೆಗೆ ನಿಜವಾಗಿ ಏನಾಗುತ್ತದೆ? ಕಬಡ್ಡಿಯ ನಿಯಮಗಳಿಂದಲೇ ಶುರು ಮಾಡಿ ನೋಡೋಣ.

ಔಟಾದ ರೈಡರ್ ಒಳಗೆ ಬರುವುದು ಯಾರಿಂದ?

ಕ್ರಿಕೆಟ್‌ನಲ್ಲಿ ಬ್ಯಾಟರ್ ಔಟಾದರೆ ಆ ಇನ್ನಿಂಗ್ಸ್ ಮುಗಿಯಿತು. ಕಬಡ್ಡಿಯಲ್ಲಿ ಹಾಗಲ್ಲ. ಔಟಾದ ಆಟಗಾರ ಹೊರಗೆ ಕೂರುತ್ತಾನೆ. ಅವನ ತಂಡದವರು ಎದುರಾಳಿಯನ್ನು ಮುಟ್ಟಿ ಬಂದರೆ ಅಥವಾ ಎದುರಾಳಿ ರೈಡರ್‌ನನ್ನು ಹಿಡಿದರೆ ಮತ್ತೆ ಒಳಗೆ ಬರುತ್ತಾನೆ. ಮೊದಲು ಔಟಾದವರು ಮೊದಲು ಬರುತ್ತಾರೆ. ಬೋನಸ್ ಪಾಯಿಂಟ್ ಸಿಕ್ಕರೆ ಅಂಕ ಏರುತ್ತದೆ, ಆದರೆ ಅದರಿಂದ ಹೊರಗೆ ಕೂತವರು ಯಾರೂ ಒಳಗೆ ಬರುವುದಿಲ್ಲ.

ಅಂದರೆ ಮುಖ್ಯ ರೈಡರ್ ಎಷ್ಟು ಹೊತ್ತು ಆಡುತ್ತಾನೆ ಎಂಬುದು ಅವನ ಕೈಯಲ್ಲಿ ಅರ್ಧ ಮಾತ್ರ ಇದೆ. ಉಳಿದರ್ಧ ಎರಡನೇ ರೈಡರ್, ಮೂರನೇ ರೈಡರ್, ಕಾರ್ನರ್ ಮತ್ತು ಕವರ್‌ನಲ್ಲಿ ನಿಂತ ಡಿಫೆಂಡರ್‌ಗಳ ಕೈಯಲ್ಲಿದೆ.

ಒಂದು ಸರಳ ಲೆಕ್ಕ ಮಾಡೋಣ. ದೊಡ್ಡವರ ಪಂದ್ಯ 40 ನಿಮಿಷ. ಒಂದು ರೈಡ್‌ಗೆ ಗರಿಷ್ಠ 30 ಸೆಕೆಂಡ್. ಎರಡೂ ತಂಡಗಳು ಸರದಿಯಲ್ಲಿ ರೈಡ್ ಮಾಡುವುದರಿಂದ ಒಂದು ತಂಡಕ್ಕೆ ನಿಮಿಷಕ್ಕೊಂದು ರೈಡ್ ಎಂದಿಟ್ಟುಕೊಳ್ಳಿ. ಹುಡುಗ ಪಂದ್ಯದಲ್ಲಿ 5 ಸಲ ಔಟಾದ. ಜೊತೆಗಾರರು ಪ್ರತಿ ಸಲ 2 ನಿಮಿಷದಲ್ಲಿ ಅವನನ್ನು ಒಳಗೆ ತಂದರೆ ಅವನು ಕಳೆದುಕೊಳ್ಳುವುದು 10 ನಿಮಿಷ. 4 ನಿಮಿಷ ತೆಗೆದುಕೊಂಡರೆ 20 ನಿಮಿಷ, ಅಂದರೆ ಅರ್ಧ ಪಂದ್ಯ. ಹುಡುಗನ ಸಾಮರ್ಥ್ಯ ಅಷ್ಟೇ, ಅವನು ಮಾಡಿದ ತಪ್ಪುಗಳೂ ಅಷ್ಟೇ. ಆದರೆ ಒಂದು ತಂಡದಲ್ಲಿ ಅವನಿಗೆ ಕಲಿಯಲು 30 ನಿಮಿಷ ಸಿಕ್ಕಿತು, ಇನ್ನೊಂದರಲ್ಲಿ 20.

‘ದುರ್ಬಲ ತಂಡದಲ್ಲಿ ಹೆಚ್ಚು ಅವಕಾಶ’ ಎಂಬ ಮಾತು ಇಲ್ಲೇ ಮೊದಲ ಸಲ ಎಡವುತ್ತದೆ. ತಂಡದಲ್ಲಿ ಜಾಗ ಸಿಗುವುದು ಬೇರೆ, ಅಂಕಣದ ಒಳಗೆ ಇರುವುದು ಬೇರೆ.

ಆಟದ ಬಗೆಯೇ ಬದಲಾಗುತ್ತದೆ

ಎರಡನೇ ಪರಿಣಾಮ ಇನ್ನೂ ಸೂಕ್ಷ್ಮ. ಬಲವಾದ ತಂಡದಲ್ಲಿ ಮುಖ್ಯ ರೈಡರ್ ಕೆಲವು ಸಲ 7 ಜನರ ಎದುರು ಹೋಗುತ್ತಾನೆ, ಕೆಲವು ಸಲ 5 ಜನರ ಎದುರು, ಕೆಲವು ಸಲ 3 ಜನರ ಎದುರು. ಬೇರೆಯವರೂ ಎದುರಾಳಿಗಳನ್ನು ಔಟ್ ಮಾಡುತ್ತಿರುವುದೇ ಅದಕ್ಕೆ ಕಾರಣ. 7 ಜನರಿದ್ದಾಗ ಬೋನಸ್ ಗೆರೆ ನೋಡಬೇಕು, ಸರಪಳಿ ಮುರಿಯುವುದನ್ನು ಕಾಯಬೇಕು. 3 ಜನರಿದ್ದಾಗ ಬೋನಸ್ ಇರುವುದಿಲ್ಲ, ಜಾಗ ಹೆಚ್ಚು. ಆದರೆ ಅಲ್ಲಿ ಸಿಕ್ಕಿಬಿದ್ದರೆ ‘ಸೂಪರ್ ಟ್ಯಾಕಲ್’ ಆಗಿ ಎದುರಾಳಿಗೆ 2 ಅಂಕ. ಪ್ರತಿ ಸಂದರ್ಭವೂ ಬೇರೆ ಪಾಠ.

ಜೊತೆಗಾರರು ದುರ್ಬಲರಾಗಿದ್ದರೆ ಎದುರಿನ ಅಂಕಣ ಖಾಲಿಯಾಗುವುದೇ ಅಪರೂಪ. ಹುಡುಗ ಪ್ರತಿ ಸಲ ತುಂಬಿದ ಡಿಫೆನ್ಸ್ ಎದುರೇ ಹೋಗುತ್ತಾನೆ. ಜೊತೆಗೆ ‘ಡು ಆರ್ ಡೈ’ ನಿಯಮವಿದೆ. ಸತತ ಎರಡು ರೈಡ್ ಖಾಲಿ ಹೋದರೆ ಮೂರನೆಯದರಲ್ಲಿ ಪಾಯಿಂಟ್ ತರಲೇಬೇಕು, ಇಲ್ಲವಾದರೆ ರೈಡರ್ ಔಟ್. ಉಳಿದವರು ಎರಡು ಖಾಲಿ ರೈಡ್ ಮಾಡಿ ಬಂದರೆ ಮೂರನೆಯದಕ್ಕೆ ಯಾರು? ಮತ್ತೆ ಅದೇ ಕೂಗು: ‘ನೀನೇ ಹೋಗು!’

ಇದರಿಂದ ಹುಡುಗ ಏನು ಕಲಿಯುತ್ತಾನೆ? ಮುಖ್ಯವಾಗಿ ಬದುಕಿ ಬರುವುದನ್ನು ಕಲಿಯುತ್ತಾನೆ. ತನಗೆ ಚೆನ್ನಾಗಿ ಬರುವ ಒಂದೇ ಪಟ್ಟು, ಅದು ಕಾಲಿನ ತುದಿ ಮುಟ್ಟಿಸುವುದಿರಲಿ, ಓಡುತ್ತ ಕೈ ಬೀಸುವುದಿರಲಿ, ಅದನ್ನೇ ಮತ್ತೆ ಮತ್ತೆ ಬಳಸುತ್ತಾನೆ. ಹೊಸದೊಂದನ್ನು ಪ್ರಯತ್ನಿಸಿ ಸಿಕ್ಕಿಬಿದ್ದರೆ ತಂಡವೇ ಮುಳುಗುತ್ತದೆ ಎಂಬ ಭಯ. ಎದುರಾಳಿಗಳಿಗೂ ಕೆಲಸ ಸುಲಭ, ಒಬ್ಬನನ್ನು ಅಧ್ಯಯನ ಮಾಡಿದರೆ ಸಾಕು. ಈಗ ಪ್ರತಿ ಪಂದ್ಯದ ವಿಡಿಯೊ ಮೊಬೈಲ್‌ನಲ್ಲೇ ಸಿಗುತ್ತದೆ. ಆ ಒಂದು ಪಟ್ಟಿಗೆ ಉತ್ತರ ಸಿಕ್ಕ ದಿನ ಹುಡುಗನ ಕೈಯಲ್ಲಿ ಬೇರೇನೂ ಉಳಿದಿರುವುದಿಲ್ಲ. ‘ಮುಗೀತು ಕಥಿ’ ಎಂಬ ವಿಡಿಯೊ ಆಗ ಬರುತ್ತದೆ.

ಕಲಿಕೆಯ ವಿಜ್ಞಾನ ಏನು ಹೇಳುತ್ತದೆ?

2004ರಲ್ಲಿ ಮಾರ್ಕ್ ಗ್ವಾಡಗ್ನೋಲಿ ಮತ್ತು ಟಿಮೊಥಿ ಲೀ ಎಂಬ ಸಂಶೋಧಕರು ‘ಚಾಲೆಂಜ್ ಪಾಯಿಂಟ್’ ಎಂಬ ಚೌಕಟ್ಟನ್ನು ಮಂಡಿಸಿದರು. ಅದರ ಸಾರ ಇಷ್ಟೇ: ಕೆಲಸ ತೀರಾ ಸುಲಭವಾದರೆ ಕಲಿಕೆ ಆಗುವುದಿಲ್ಲ, ತೀರಾ ಕಷ್ಟವಾದರೂ ಆಗುವುದಿಲ್ಲ. ಕಲಿಯುವವನ ಈಗಿನ ಮಟ್ಟಕ್ಕಿಂತ ಸ್ವಲ್ಪ ಮೇಲಿನ ಸವಾಲು ಇದ್ದಾಗ ಕಲಿಕೆ ಹೆಚ್ಚು.

ಕಾರಣ ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ನಾವು ಕಲಿಯುವುದು ತಪ್ಪಿನಿಂದ ಸಿಗುವ ಮಾಹಿತಿಯಿಂದ. ‘ಎಡ ಕಾರ್ನರ್ ಮುಂದೆ ಬಂದಿದ್ದ, ನಾನು ನೋಡಲಿಲ್ಲ, ಅದಕ್ಕೇ ಸಿಕ್ಕಿಬಿದ್ದೆ’ ಎಂದು ಹುಡುಗನಿಗೆ ತಿಳಿದರೆ ಆ ಸೋಲು ಪಾಠ. ಏನೇ ಮಾಡಿದರೂ ನಾಲ್ಕು ಜನ ಮೇಲೆ ಬೀಳುತ್ತಾರೆ ಎಂಬ ಸ್ಥಿತಿಯಲ್ಲಿ ಸರಿ ನಿರ್ಧಾರಕ್ಕೂ ತಪ್ಪು ನಿರ್ಧಾರಕ್ಕೂ ಫಲ ಒಂದೇ. ಅಲ್ಲಿ ಸೋಲು ಏನನ್ನೂ ಕಲಿಸುವುದಿಲ್ಲ, ಬರೀ ದಣಿಸುತ್ತದೆ.

ತಿಕೋಟಾ ಸುತ್ತಲಿನ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬಳ್ಳಿ ಎಷ್ಟೇ ಒಳ್ಳೆಯ ತಳಿಯದ್ದಾಗಲಿ, ಕಂಬ, ತಂತಿ, ಚಪ್ಪರ ಇಲ್ಲದೆ ನಿಲ್ಲುವುದಿಲ್ಲ. ಎಳೆ ಬಳ್ಳಿಯಲ್ಲಿ ಗೊಂಚಲು ಕಂಡರೂ ಆಸೆಪಡದೆ ತೆಗೆದುಹಾಕುತ್ತಾರೆ. ಬೇರು, ಕಾಂಡ ಗಟ್ಟಿಯಾಗುವ ಮೊದಲೇ ಹಣ್ಣಿನ ಭಾರ ಹೊರಿಸಿದರೆ ಮುಂದಿನ ವರ್ಷಗಳ ಫಸಲು ಕೆಡುತ್ತದೆ ಎಂಬುದು ಅವರಿಗೆ ಗೊತ್ತು. ಬಳ್ಳಿಗೆ ತೋರಿಸುವ ಈ ತಾಳ್ಮೆಯನ್ನು ಹುಡುಗರಿಗೆ ತೋರಿಸುವುದನ್ನು ನಾವು ಮರೆಯುತ್ತೇವೆ.

ಪ್ರೊ ಕಬಡ್ಡಿಯಲ್ಲಿ ಕಂಡದ್ದು

ಎಲ್ಲರಿಗೂ ಗೊತ್ತಿರುವ ಹೆಸರುಗಳನ್ನೇ ನೋಡೋಣ. ಪವನ್ ಸೆಹ್ರಾವತ್ ಬೆಂಗಳೂರು ಬುಲ್ಸ್‌ನಿಂದ ಬಂದವರು. 5ನೇ ಆವೃತ್ತಿಯಲ್ಲಿ ಗುಜರಾತ್ ತಂಡದಲ್ಲಿದ್ದರು, ಅಲ್ಲಿ ಹೆಚ್ಚು ಅವಕಾಶ ಸಿಗಲಿಲ್ಲ. 6ನೇ ಆವೃತ್ತಿಗೆ ಬುಲ್ಸ್‌ಗೆ ಮರಳಿದರು. ನಾಯಕ ರೋಹಿತ್ ಕುಮಾರ್ ಮತ್ತು ಕಾಶಿಲಿಂಗ್ ಅಡಕೆಯಂಥ ಅನುಭವಿ ರೈಡರ್‌ಗಳು ಜೊತೆಗಿದ್ದರು. ಆ ಆವೃತ್ತಿಯಲ್ಲಿ ಪವನ್ ಗಳಿಸಿದ್ದು 271 ರೈಡ್ ಪಾಯಿಂಟ್. 2019ರ ಜನವರಿ 5ರಂದು ಮುಂಬೈನಲ್ಲಿ ನಡೆದ ಫೈನಲ್‌ನಲ್ಲಿ ಅದೇ ಗುಜರಾತ್ ವಿರುದ್ಧ 22 ಪಾಯಿಂಟ್ ತಂದರು. ಬುಲ್ಸ್ 38-33ರಿಂದ ಗೆದ್ದು ಮೊದಲ ಸಲ ಚಾಂಪಿಯನ್ ಆಯಿತು.

ನವೀನ್ ಕುಮಾರ್ 2018ರಲ್ಲಿ ದಬಾಂಗ್ ಡೆಲ್ಲಿ ಪರ ಆಡಲು ಬಂದಾಗ ವಯಸ್ಸು 18. ಆದರೆ ತಂಡದ ಎರಡೂ ಕಾರ್ನರ್‌ಗಳಲ್ಲಿ ರವೀಂದರ್ ಪಹಲ್, ಜೋಗಿಂದರ್ ನರ್ವಾಲ್ ಇದ್ದರು. ರೈಡಿಂಗ್‌ನಲ್ಲಿ ಚಂದ್ರನ್ ರಂಜಿತ್, ಮೆರಾಜ್ ಶೇಖ್ ಇದ್ದರು. ಹುಡುಗ ಔಟಾದರೆ ಒಳಗೆ ತರುವವರಿದ್ದರು. ಮುಂದಿನ ಆವೃತ್ತಿಯಲ್ಲಿ ಅವರ ರೈಡ್ ಪಾಯಿಂಟ್ 300 ದಾಟಿತು. 8ನೇ ಆವೃತ್ತಿಯ ಮಧ್ಯೆ ಗಾಯವಾಗಿ ಕೆಲವು ಪಂದ್ಯ ತಪ್ಪಿದಾಗಲೂ ತಂಡ ಕುಸಿಯಲಿಲ್ಲ. 2022ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಫೈನಲ್‌ನಲ್ಲಿ ಡೆಲ್ಲಿ 37-36ರಿಂದ ಪಟ್ನಾವನ್ನು ಸೋಲಿಸಿತು. ಅಂದು ನವೀನ್ 13 ಪಾಯಿಂಟ್ ತಂದರೆ, ಜೊತೆಗಾರ ವಿಜಯ್ ತಂದದ್ದು 14.

ಈಗ ಇದರ ತಿರುವು ನೋಡಿ. ಪರ್ದೀಪ್ ನರ್ವಾಲ್ 7ನೇ ಆವೃತ್ತಿಯಲ್ಲಿ ಪಟ್ನಾ ಪರ 302 ರೈಡ್ ಪಾಯಿಂಟ್ ಗಳಿಸಿದರು. ಆದರೂ ಮೂರು ಸಲದ ಚಾಂಪಿಯನ್ ಪಟ್ನಾ ಆ ವರ್ಷ ಮುಗಿಸಿದ್ದು 8ನೇ ಸ್ಥಾನದಲ್ಲಿ. ಅಷ್ಟು ಹೊತ್ತಿಗೆ ಪರ್ದೀಪ್ ಪಳಗಿದ ಆಟಗಾರ, ಪಾಯಿಂಟ್ ಬಂದವು. ಅಂಥವರಿಗೂ ಒಬ್ಬರೇ ತಂಡವನ್ನು ದಡ ಸೇರಿಸಲು ಆಗಲಿಲ್ಲ ಎಂದ ಮೇಲೆ, ಪಿಯುಸಿ ಓದುವ ಹುಡುಗನಿಂದ ಅದನ್ನು ನಿರೀಕ್ಷಿಸುವುದು ನ್ಯಾಯವೇ?

ಇನ್ನೊಂದು ದಾರಿಯೂ ಇದೆ. ಕರ್ನಾಟಕದವರೇ ಆದ ಬಿ.ಸಿ. ರಮೇಶ್ ತರಬೇತಿಯಲ್ಲಿ ಪುಣೇರಿ ಪಲ್ಟನ್ 2024ರ ಮಾರ್ಚ್‌ನಲ್ಲಿ 10ನೇ ಆವೃತ್ತಿ ಗೆದ್ದಿತು. ಆ ತಂಡ ಒಬ್ಬನೇ ರೈಡರ್ ಮೇಲೆ ನಿಂತಿರಲಿಲ್ಲ. ಅಸ್ಲಂ ಇನಾಮದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ, ಆಕಾಶ್ ಶಿಂಧೆ, ಹೀಗೆ ಎಳೆಯರೇ ಭಾರವನ್ನು ಹಂಚಿಕೊಂಡಿದ್ದರು.

ವಿಜಯಪುರದ್ದೇ ಒಂದು ಉದಾಹರಣೆ

ಕಬಡ್ಡಿ ಬಿಟ್ಟು ಬೇರೆ ಆಟಕ್ಕೆ ಬಂದರೂ ಪಾಠ ಅದೇ. ವಿಜಯಪುರದ ಎಡಗೈ ಸ್ಪಿನ್ನರ್ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ ಕೊಟ್ಟು 5 ವಿಕೆಟ್ ತೆಗೆದದ್ದು ನಮ್ಮ ಜಿಲ್ಲೆಯವರಿಗೆಲ್ಲ ನೆನಪಿದೆ. ಜುಲೈ 15ರಂದು ಇಂಗ್ಲೆಂಡಿನ ಡರ್ಬಿಯಲ್ಲಿ ನಡೆದ ಪಂದ್ಯವದು. ಸೆಮಿಫೈನಲ್‌ಗೆ ಹೋಗಲು ಗೆಲ್ಲಲೇಬೇಕಿತ್ತು.

ಆದರೆ ಆ ದಿನದ ಸ್ಕೋರ್‌ಕಾರ್ಡ್‌ನ ಮೊದಲರ್ಧ ಎಷ್ಟು ಜನರಿಗೆ ನೆನಪಿದೆ? ಮಿಥಾಲಿ ರಾಜ್ 109 ರನ್ ಹೊಡೆದಿದ್ದರು. ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತದಲ್ಲಿ 70 ಬಾರಿಸಿದ್ದರು. ಭಾರತದ ಮೊತ್ತ 265. ಅಷ್ಟು ರನ್ ಬೆನ್ನಿಗಿದ್ದಾಗ ಬೌಲರ್ ಧೈರ್ಯದಿಂದ ಚೆಂಡಿಗೆ ಗಾಳಿ ಕೊಡಬಹುದು, ಒಂದು ಬೌಂಡರಿ ಹೋದರೂ ಎದೆ ನಡುಗುವುದಿಲ್ಲ. ನ್ಯೂಜಿಲೆಂಡ್ 79ಕ್ಕೆ ಆಲೌಟ್ ಆಯಿತು. ಇದರಿಂದ ರಾಜೇಶ್ವರಿ ಅವರ ಸಾಧನೆ ಚಿಕ್ಕದಾಗುವುದಿಲ್ಲ. 265 ರನ್ ಇದ್ದರೂ ಐದು ವಿಕೆಟ್ ತಾನಾಗಿ ಬೀಳುವುದಿಲ್ಲ. ಆದರೆ ಆ ಪ್ರತಿಭೆ ಬಿಚ್ಚಿಕೊಳ್ಳಲು ಜಾಗ ಮಾಡಿಕೊಟ್ಟವರು ಜೊತೆಗಾರರು.

ಅಮೆರಿಕದ ಇಬ್ಬರು ಹುಡುಗರ ಕಥೆ

ಈ ಪ್ರಶ್ನೆ ಅತಿ ಹೆಚ್ಚು ಚರ್ಚೆಯಾಗುವುದು ಅಮೆರಿಕನ್ ಫುಟ್‌ಬಾಲ್‌ನಲ್ಲಿ. ಅಲ್ಲಿ ‘ಕ್ವಾರ್ಟರ್‌ಬ್ಯಾಕ್’ ಎಂಬ ಆಟಗಾರ ಚೆಂಡು ಹಿಡಿದು, ಯಾರಿಗೆ ಎಸೆಯಬೇಕೆಂದು ಕೆಲವೇ ಕ್ಷಣದಲ್ಲಿ ನಿರ್ಧರಿಸುತ್ತಾನೆ. ಅವನ ಮುಂದೆ ಐದು ಜನ ಗೋಡೆಯಂತೆ ನಿಂತು ಎದುರಾಳಿಗಳನ್ನು ತಡೆಯುತ್ತಾರೆ. ಗೋಡೆ ಒಡೆದರೆ ಎದುರಾಳಿ ನೇರವಾಗಿ ಬಂದು ಅವನನ್ನು ನೆಲಕ್ಕೆ ಕೆಡವುತ್ತಾನೆ.

ಪೇಟನ್ ಮ್ಯಾನಿಂಗ್ 1998ರಲ್ಲಿ, ಡೇವಿಡ್ ಕಾರ್ 2002ರಲ್ಲಿ ಬಂದರು. ತಂತಮ್ಮ ವರ್ಷದ ಹೊಸಬರಲ್ಲಿ ಇಬ್ಬರೂ ಮೊದಲ ಆಯ್ಕೆ. ಇಬ್ಬರೂ ಸೇರಿದ್ದು ಸೋಲುವ ತಂಡಗಳಿಗೆ. ಮ್ಯಾನಿಂಗ್ ಮೊದಲ ವರ್ಷ 28 ಸಲ ಎದುರಾಳಿಗಳ ಕೈಗೇ ಚೆಂಡು ಎಸೆದರು, ತಂಡ 16ರಲ್ಲಿ 13 ಪಂದ್ಯ ಸೋತಿತು. ಆದರೆ ಅವರನ್ನು ಕೆಡವಿದ್ದು 22 ಸಲ ಮಾತ್ರ. ಕಾರ್ ಅವರದ್ದು ಆ ವರ್ಷವಷ್ಟೇ ಹುಟ್ಟಿದ ತಂಡ, ಗೋಡೆ ಗಟ್ಟಿ ಇರಲಿಲ್ಲ. ಅವರನ್ನು ಒಂದೇ ವರ್ಷದಲ್ಲಿ 76 ಸಲ ಕೆಡವಿದರು, ಅದು ದಾಖಲೆ. ಆ ತಂಡದಲ್ಲಿ ಕಳೆದ ಐದು ವರ್ಷಗಳಲ್ಲಿ ಒಟ್ಟು 249 ಸಲ.

ಮ್ಯಾನಿಂಗ್ ತಂಡ ಮರುವರ್ಷವೇ 13 ಪಂದ್ಯ ಗೆದ್ದಿತು, ಅವರು ಆ ಆಟದ ದಿಗ್ಗಜರಲ್ಲಿ ಒಬ್ಬರಾದರು. ಕಾರ್ ಆ ತಂಡ ಬಿಟ್ಟ ಮೇಲೆ ಮತ್ತೆಲ್ಲೂ ಕಾಯಂ ಕ್ವಾರ್ಟರ್‌ಬ್ಯಾಕ್ ಆಗಲಿಲ್ಲ. ಇಬ್ಬರ ಪ್ರತಿಭೆಯೂ ಒಂದೇ ಮಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಗಮನಿಸಬೇಕಾದದ್ದು ಬೇರೆ: ತಪ್ಪು ಮಾಡುವ ಅವಕಾಶ ಸಿಗುವುದು ಒಂದು, ಪ್ರತಿ ತಪ್ಪಿಗೂ, ಕೆಲವು ಸಲ ತಪ್ಪಿಲ್ಲದೆಯೂ, ಪೆಟ್ಟು ತಿನ್ನುವುದು ಇನ್ನೊಂದು. ಮೊದಲನೆಯದು ಬೆಳೆಸುತ್ತದೆ, ಎರಡನೆಯದು ಹೆದರಿಸುತ್ತದೆ.

ಹಾಗಾದರೆ ಫಾರ್ವರ್ಡ್ ಪೂರ್ತಿ ಸುಳ್ಳಾ?

ಇಲ್ಲ. ಅದರಲ್ಲಿ ಸತ್ಯದ ಒಂದು ಭಾಗ ಇದೆ. ದೊಡ್ಡ ತಂಡದ ಬೆಂಚ್ ಮೇಲೆ ವರ್ಷಗಟ್ಟಲೆ ಕೂತರೆ ಯಾರೂ ಬೆಳೆಯುವುದಿಲ್ಲ. ಪವನ್ ಗುಜರಾತಿನಲ್ಲಿದ್ದ ವರ್ಷವೂ, ಪರ್ದೀಪ್ 2015ರಲ್ಲಿ ಬುಲ್ಸ್ ಪರ ಕೆಲವೇ ಪಂದ್ಯ ಆಡಿದ ವರ್ಷವೂ ಅದನ್ನೇ ಹೇಳುತ್ತವೆ. ಆಡಲು ಸಿಗಬೇಕು, ಸೋಲಬೇಕು, ಒತ್ತಡವನ್ನು ಎದುರಿಸಬೇಕು. ಚಿಕ್ಕ ತಂಡಗಳು ಈ ಅವಕಾಶವನ್ನು ಬೇಗ ಕೊಡುತ್ತವೆ.

ಆದರೆ ‘ಸೋಲುವ ತಂಡದಿಂದಲೇ ದೊಡ್ಡವರಾದರು’ ಎಂದು ಹೇಳುವಾಗ ನಾವು ಎಣಿಸುವುದು ದೊಡ್ಡವರಾದವರನ್ನು ಮಾತ್ರ. ಇದು ಬೋರ್‌ವೆಲ್ ಸುದ್ದಿಯಂತೆ. ನೀರು ಬಿದ್ದ ಬೋರಿನ ವಿಡಿಯೊ ಊರಿಗೆಲ್ಲ ಹಂಚಿಕೆಯಾಗುತ್ತದೆ, ಒಣ ಬೋರು ಕೊರೆಸಿ ಸಾಲ ಮಾಡಿಕೊಂಡವರ ವಿಡಿಯೊ ಯಾರೂ ಮಾಡುವುದಿಲ್ಲ. ದುರ್ಬಲ ತಂಡದ ಭಾರ ಹೊತ್ತು, ಮಂಡಿ ಕೆಡಿಸಿಕೊಂಡು, ಹತ್ತೊಂಬತ್ತಕ್ಕೇ ಆಟ ಬಿಟ್ಟ ಹುಡುಗರ ಹೆಸರು ಯಾವ ಫಾರ್ವರ್ಡ್‌ನಲ್ಲೂ ಬರುವುದಿಲ್ಲ. ಉಳಿದವರನ್ನಷ್ಟೇ ನೋಡಿ ಲೆಕ್ಕ ಹಾಕುವ ಈ ತಪ್ಪನ್ನು ಸಂಶೋಧಕರು ‘ಸರ್ವೈವರ್‌ಶಿಪ್ ಬಯಾಸ್’ ಎನ್ನುತ್ತಾರೆ.

ಆದ್ದರಿಂದ ನಮ್ಮ ತೀರ್ಮಾನ: ಆ ಮಾತು ಅರ್ಧ ಸತ್ಯ. ಹುಡುಗನನ್ನು ಬೆಳೆಸುವುದು ಅವಕಾಶ. ತಂಡದ ದೌರ್ಬಲ್ಯ ಅವನನ್ನು ಬೆಳೆಸುವುದಿಲ್ಲ.

ದೇಹದ ಲೆಕ್ಕವೂ ಇದೆ

ಬೆಳೆಯುವ ವಯಸ್ಸಿನಲ್ಲಿ ಮೂಳೆಯ ತುದಿಗಳಲ್ಲಿ ಮೃದುವಾದ ಬೆಳವಣಿಗೆಯ ಪದರ ಇರುತ್ತದೆ. ಸ್ನಾಯುಗಳು ಅದನ್ನು ಪದೇ ಪದೇ ಎಳೆದರೆ ನೋವು, ಊತ ಬರುತ್ತದೆ. ಓಡುವ, ಜಿಗಿಯುವ ಮಕ್ಕಳಲ್ಲಿ ಮಂಡಿಯ ಕೆಳಗೆ ಗಂಟಿನಂತೆ ಉಬ್ಬುವ ‘ಆಸ್‌ಗುಡ್-ಶ್ಲಾಟರ್’ ಸಮಸ್ಯೆ ಇದಕ್ಕೆ ಒಂದು ಉದಾಹರಣೆ. ಮಂಡಿ ತಿರುಚಿದರೆ ಒಳಗಿನ ಲಿಗಮೆಂಟ್ ಹರಿಯುವ ಅಪಾಯ ಕಬಡ್ಡಿಯಂಥ ಆಟದಲ್ಲಿ ಇದ್ದೇ ಇದೆ.

ಒಬ್ಬನೇ ರೈಡರ್ ಇರುವ ತಂಡದಲ್ಲಿ ಅವನಿಗೆ ನೋವಿದ್ದರೂ ಬದಲಿ ಇಲ್ಲ. ‘ಇದೊಂದ್ ಮ್ಯಾಚ್ ಆಡ್ಬಿಡು’ ಎನ್ನುತ್ತಾರೆ. ಒಂದೇ ರಾತ್ರಿ ಮೂರು ನಾಲ್ಕು ಪಂದ್ಯ ನಡೆಯುವ ಕಡೆ ಇದು ಇನ್ನೂ ಕಷ್ಟ. ಮಕ್ಕಳ ತಜ್ಞರ ಸಂಸ್ಥೆಯಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಆಡುವ ಮಕ್ಕಳಿಗೆ ವಾರದಲ್ಲಿ ಕನಿಷ್ಠ 1ರಿಂದ 2 ದಿನ ಪೂರ್ತಿ ಬಿಡುವು ಇರಬೇಕು ಎಂದು ಹೇಳುತ್ತದೆ. ನೋವು ವಾರವಾದರೂ ಹೋಗದಿದ್ದರೆ, ಮಂಡಿ ಊದಿಕೊಂಡರೆ, ಭಾರ ಹಾಕಿದಾಗ ಜಾರಿದಂತಾದರೆ ಎಣ್ಣೆ ತಿಕ್ಕುತ್ತಾ ಕೂರದೆ ಮೂಳೆ ವೈದ್ಯರಿಗೆ ತೋರಿಸಿ.

ನಾವು ಏನು ನೋಡಬೇಕು? ಏನು ಮಾಡಬಹುದು?

ಹುಡುಗನ ಒಟ್ಟು ಪಾಯಿಂಟ್ ಮಾತ್ರ ನೋಡಬೇಡಿ. ಎಷ್ಟು ರೈಡ್‌ನಲ್ಲಿ ಎಷ್ಟು ಪಾಯಿಂಟ್, ಎದುರಿಗೆ ಎಷ್ಟು ಜನ ಇದ್ದರು, ಎಷ್ಟು ‘ಡು ಆರ್ ಡೈ’ ರೈಡ್ ಅವನ ಪಾಲಿಗೆ ಬಂತು, ಔಟಾದ ಮೇಲೆ ಎಷ್ಟು ನಿಮಿಷ ಹೊರಗೆ ಕೂತ, ಇವನ್ನು ಒಂದು ಹಳೆ ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾಲ್ಕೈದು ಪಂದ್ಯಕ್ಕೆ ಚಿತ್ರ ಸ್ಪಷ್ಟವಾಗುತ್ತದೆ. ಅದೇ ತಪ್ಪು ಮರುಕಳಿಸುತ್ತಿದ್ದರೆ ಅದು ಹುಡುಗ ತಿದ್ದಿಕೊಳ್ಳಬೇಕಾದದ್ದು. ಪ್ರತಿ ಸಲ ಐದು ನಿಮಿಷ ಹೊರಗೇ ಕೂರುತ್ತಿದ್ದರೆ ತಂಡ ತಿದ್ದಿಕೊಳ್ಳಬೇಕು.

ಊರಿನ ತಂಡ ನಡೆಸುವವರಿಗೆ ನಮ್ಮ ಸಲಹೆ: ಮೊದಲು ಎರಡನೇ ರೈಡರ್‌ನನ್ನು, ಆಮೇಲೆ ಒಂದು ಕಾರ್ನರ್ ಜೋಡಿಯನ್ನು ತಯಾರು ಮಾಡಿ. ದುಡ್ಡು ಕೊಟ್ಟು ಹೊರಗಿನಿಂದ ಸ್ಟಾರ್ ತರಬೇಕಿಲ್ಲ. ಅಭ್ಯಾಸದಲ್ಲಿ ಹುಡುಗನನ್ನು 7 ಜನರ ಎದುರಷ್ಟೇ ಅಲ್ಲ, 5 ಮತ್ತು 3 ಜನರ ಎದುರೂ ಬಿಡಿ. ಹೊಸ ಪಟ್ಟು ಪ್ರಯತ್ನಿಸಿ ಸಿಕ್ಕಿಬಿದ್ದರೆ ಬೈಯಬೇಡಿ. ‘ಡು ಆರ್ ಡೈ’ ಸರದಿಯನ್ನು ಹಂಚಿ. ಗೆದ್ದಿರುವ ಪಂದ್ಯದಲ್ಲಿ ಅವನನ್ನು ಹೊರಗೆ ಕೂರಿಸಿ ಬೇರೆಯವರಿಗೆ ಆಡಲು ಬಿಡಿ.

ಅಪ್ಪ ಅಮ್ಮಂದಿರು ತಂಡ ಆರಿಸುವಾಗ ‘ತಂಡ ಕಪ್ ಗೆಲ್ಲುತ್ತಾ?’ ಎಂದು ಕೇಳುವುದಕ್ಕಿಂತ ‘ನನ್ನ ಮಗ ಆಡ್ತಾನಾ? ಅವನು ಬಿದ್ದಾಗ ಎಬ್ಬಿಸೋರು ಇದ್ದಾರಾ?’ ಎಂದು ಕೇಳಿ. ಎರಡಕ್ಕೂ ಹೌದು ಎಂಬ ಉತ್ತರ ಬಂದರೆ ತಂಡ ಚಿಕ್ಕದಿದ್ದರೂ ಚಿಂತೆಯಿಲ್ಲ.

ಉಳಿದ ನಮ್ಮಂಥವರಿಗೆ, ಅಂದರೆ ಮೊಬೈಲ್ ಹಿಡಿದು ನೋಡುವವರಿಗೆ, ಇರುವ ಕೆಲಸ ಚಿಕ್ಕದು. ಹುಡುಗನೊಬ್ಬ ಸಿಕ್ಕಿಬಿದ್ದ ಹತ್ತು ಸೆಕೆಂಡಿನ ವಿಡಿಯೊ ಬಂದಾಗ ಅದನ್ನು ಮುಂದೆ ಕಳಿಸುವ ಮೊದಲು ಒಮ್ಮೆ ತೆರೆಯ ಅಂಚಿಗೆ ಕಣ್ಣು ಹಾಯಿಸಿ. ಅವನ ಕಡೆ ಅಂಕಣದಲ್ಲಿ ಎಷ್ಟು ಜನ ಉಳಿದಿದ್ದರು ಎಂದು ಎಣಿಸಿ. ಒಬ್ಬರೋ ಇಬ್ಬರೋ ಇದ್ದರೆ, ಆ ವಿಡಿಯೊ ತೋರಿಸುತ್ತಿರುವುದು ಹುಡುಗನ ಸೋಲನ್ನಲ್ಲ, ಇಡೀ ತಂಡದ ಸೋಲನ್ನು. ಅದಕ್ಕೆ ಅವನೊಬ್ಬನ ಹೆಸರು ಬರೆದು ಹಂಚಬೇಡಿ. ಆ ವಿಡಿಯೊ ನಾಳೆ ಬೆಳಿಗ್ಗೆ ಅವನ ಮೊಬೈಲ್‌ಗೂ ಬರುತ್ತದೆ.